ಯಾವ ದಿನದ ಒರಿಜಿನಲ್?

ಹಳೆ ಜಾವಾ, ಯೆಜ್ಡಿ ಮಾರಾಟದ ಜಾಹೀರಾತು ಓದೋದು ನನಗೊಂದು ಟೈಂಪಾಸ್. ಕೊಳ್ಳೋ ಇರಾದೆ ಏನಿಲ್ಲ, ಅಪಾರ್ಟ್‌ಮೆಂಟಿನಲ್ಲಿ ಇರೋದು ಒಂದೇ ಪಾರ್ಕಿಂಗ್. ಆದರೂ ಓದ್ತೀನಿ, ಯಾಕಂದ್ರೆ ಆ ಭಾಷೆ ಮಜವಾಗಿರುತ್ತೆ. 'ಮೈಸೂರು ಫ್ಯಾಕ್ಟರಿ ಗಾಡಿ, ಫುಲ್ ಒರಿಜಿನಲ್ ಕಂಡಿಷನ್. ಹೊಸ ಪೇಂಟ್, ಹೊಸ ಕ್ರೋಮ್, ಹೊಸ ಸೀಟು, ಹೊಸ ವೈರಿಂಗ್, ಇಂಜಿನ್ ಈಗಷ್ಟೇ ಬೋರ್ ಮಾಡಿಸಿದೆ.' ಎಲ್ಲಾ ಹೊಸದು, ಆದ್ರೂ ಒರಿಜಿನಲ್! ನಗು ಬರುತ್ತೆ. ಆದರೆ ಯೋಚಿಸಿ ನೋಡಿದರೆ ಮಾರೋನು ಸುಳ್ಳೇನೂ ಹೇಳ್ತಿಲ್ಲ. ಐಡಿಯಲ್ ಜಾವಾ ಕಾರ್ಖಾನೆಯ ಗೇಟು ದಾಟಿದ ದಿನ ಗಾಡಿ ಹೇಗಿತ್ತೋ ಹಾಗೆ ಮಾಡಿಸಿದ್ದೀನಿ ಅಂತ ಅವನ ಮಾತಿನ ಅರ್ಥ. ರಸ್ತೆ ಮೇಲೆ ಓಡೋ ಗಾಡಿಗೆ ಅಂಥದೊಂದು ದಿನ ಇರುತ್ತೆ. ಬ್ರೋಷರ್ ಇರುತ್ತೆ, ಬಣ್ಣದ ಪಟ್ಟಿ ಇರುತ್ತೆ, ಅದೇ ಅಚ್ಚಿನ ಇನ್ನೂ ಸಾವಿರಾರು ಗಾಡಿಗಳಿರುತ್ತವೆ. ಹೋಲಿಸಿ ನೋಡಬಹುದು.

ಈಗ ಒಂದು ರೇಸಿಂಗ್ ಕಾರನ್ನು ನಿಮ್ಮ ಮುಂದೆ ತಂದಿಟ್ಟು 'ಇದನ್ನ ಒರಿಜಿನಲ್ ಸ್ಥಿತಿಗೆ ತನ್ನಿ' ಅಂದ್ರೆ? ರೇಸಿಂಗ್ ಕಾರಿಗೆ ಅಂಥ ಒಂದೇ ಒಂದು ದಿನ ಇರೋದಿಲ್ಲ. ಪ್ರತಿ ರೇಸಿನ ಹಿಂದಿನ ರಾತ್ರಿ ಏನಾದರೊಂದು ಬದಲಾಗುತ್ತೆ. ಗೆದ್ದರೂ ಬದಲಾಯಿಸ್ತಾರೆ, ಸೋತರೂ ಬದಲಾಯಿಸ್ತಾರೆ, ಗುದ್ದಿಕೊಂಡರಂತೂ ಅರ್ಧ ಕಾರೇ ಹೊಸದಾಗುತ್ತೆ. ಹಾಗಾದ್ರೆ ಒರಿಜಿನಲ್ ಅಂದ್ರೆ ಯಾವ ದಿನದ್ದು? ಈ ಪ್ರಶ್ನೆ ಕೇಳೋಕೆ ನನಗೆ ಗೊತ್ತಿರುವ ಕಾರುಗಳಲ್ಲಿ ಬ್ಯಾಬ್ಸ್‌ಗಿಂತ ಒಳ್ಳೆಯದು ಇನ್ನೊಂದಿಲ್ಲ. ಹುಟ್ಟುವಾಗ ಅದರ ಹೆಸರು ಬೇರೆ, ಮಾಲೀಕ ಬೇರೆ. ಪ್ರಪಂಚದ ಅತಿ ವೇಗದ ಕಾರು ಅನ್ನಿಸಿಕೊಂಡಿತು, ತನ್ನ ಚಾಲಕನ ಜೀವ ತೆಗೆಯಿತು, ಮರಳಲ್ಲಿ 42 ವರ್ಷ ಹೂತುಹೋಗಿತ್ತು. ಈಗ ಮತ್ತೆ ಓಡುತ್ತೆ.

ಕತೆ ಶುರುವಾಗೋದು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಹೈಯಮ್ ಪಾರ್ಕ್ ಅನ್ನೋ ದೊಡ್ಡ ಬಂಗಲೆಯಲ್ಲಿ. ಅಲ್ಲಿದ್ದವನು ಕೌಂಟ್ ಲೂಯಿ ಝ್ಬೊರೋವ್‌ಸ್ಕಿ. ಕೈತುಂಬ ಆಸ್ತಿ, ತಲೆತುಂಬ ಕಾರಿನ ಹುಚ್ಚು. ಅವನಪ್ಪ 1903ರಲ್ಲಿ ಫ್ರಾನ್ಸಿನ ಬೆಟ್ಟ ಹತ್ತುವ ರೇಸಿನಲ್ಲಿ ಸತ್ತಿದ್ದ. ಮಗ ಅದರಿಂದ ಹೆದರಲಿಲ್ಲ. ಮೊದಲ ಮಹಾಯುದ್ಧ ಮುಗಿದು ವಿಮಾನದ ಇಂಜಿನ್‌ಗಳು ಗುಜರಿ ಬೆಲೆಗೆ ಸಿಗುತ್ತಿದ್ದ ಕಾಲ ಅದು. ಝ್ಬೊರೋವ್‌ಸ್ಕಿ ಅವನ್ನು ತಂದು ಕಾರಿನ ಚಾಸಿಗೆ ಕೂರಿಸುತ್ತಿದ್ದ. ಅವನು ಹಾಗೆ ಕಟ್ಟಿದ ಕಾರುಗಳಿಗೆ ಚಿಟ್ಟಿ ಬ್ಯಾಂಗ್ ಬ್ಯಾಂಗ್ ಅಂತ ಹೆಸರಿಟ್ಟ. ಜೇಮ್ಸ್ ಬಾಂಡ್ ಖ್ಯಾತಿಯ ಇಯಾನ್ ಫ್ಲೆಮಿಂಗ್ ಮುಂದೆ ಮಕ್ಕಳಿಗಾಗಿ ಬರೆದ ಹಾರುವ ಕಾರಿನ ಕತೆಗೆ ಹೆಸರು ಬಂದಿದ್ದು ಇಲ್ಲಿಂದಲೇ.

ಆ ಸಾಲಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೈಯಮ್ ಸ್ಪೆಷಲ್. ಇಂಜಿನ್ನು ಅಮೆರಿಕದ ಲಿಬರ್ಟಿ. 1917ರಲ್ಲಿ ಯುದ್ಧವಿಮಾನಗಳಿಗೆಂದು ವಿನ್ಯಾಸ ಮಾಡಿದ್ದು, 12 ಸಿಲಿಂಡರ್, 27 ಲೀಟರ್. ಇವತ್ತು ನಾವು ಓಡಿಸೋ ಸಣ್ಣ ಕಾರಿನ ಇಂಜಿನ್ 1.2 ಲೀಟರ್ ಇರುತ್ತಲ್ಲ, ಅಂಥ ಇಪ್ಪತ್ತೆರಡನ್ನು ಒಟ್ಟಿಗೆ ಪೇರಿಸಿದ ಹಾಗೆ. ಗೇರ್‌ಬಾಕ್ಸು ಜರ್ಮನಿಯ ಬ್ಲಿಟ್ಜೆನ್ ಬೆಂಜ್‌ನದು. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುತ್ತಿದ್ದದ್ದು ಎರಡು ಸರಪಳಿಗಳ ಮೂಲಕ, ನಮ್ಮ ಸೈಕಲ್ಲಿನಲ್ಲಿ ಇರೋ ಹಾಗೇ. ಎಡಕ್ಕೊಂದು, ಬಲಕ್ಕೊಂದು. ಈ ಸರಪಳಿಗಳನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1924ರಲ್ಲಿ ಝ್ಬೊರೋವ್‌ಸ್ಕಿ ಇಟಲಿಯ ಮೊಂಜಾದಲ್ಲಿ ಮರ್ಸಿಡಿಸ್ ಓಡಿಸುತ್ತಾ ಸತ್ತ. ಹೈಯಮ್ ಸ್ಪೆಷಲ್ ಅನಾಥವಾಯಿತು. ಅದನ್ನು ಅವನ ಎಸ್ಟೇಟಿನವರಿಂದ ಬರೀ 125 ಪೌಂಡಿಗೆ ಕೊಂಡವನು ಜಾನ್ ಗಾಡ್ಫ್ರೀ ಪ್ಯಾರಿ-ಥಾಮಸ್.

ಥಾಮಸ್ ಕೌಂಟ್ ಅಲ್ಲ, ಇಂಜಿನಿಯರ್. ವೇಲ್ಸ್‌ನ ರೆಕ್ಸಮ್‌ನಲ್ಲಿ 1884ರಲ್ಲಿ ಹುಟ್ಟಿದವನು. ಲೇಲ್ಯಾಂಡ್ ಮೋಟರ್ಸ್‌ನಲ್ಲಿ ಚೀಫ್ ಇಂಜಿನಿಯರ್ ಆಗಿದ್ದ. ನಮ್ಮ ಅಶೋಕ್ ಲೇಲ್ಯಾಂಡ್ ಹೆಸರಿನಲ್ಲಿ ಉಳಿದಿರೋದು ಅದೇ ಲೇಲ್ಯಾಂಡು. ಅಲ್ಲಿ ಆತ ಲೇಲ್ಯಾಂಡ್ ಎಯ್ಟ್ ಅನ್ನೋ ಐಷಾರಾಮಿ ಕಾರನ್ನು ವಿನ್ಯಾಸ ಮಾಡಿದ. 1920ರ ಪ್ರದರ್ಶನದಲ್ಲಿ ಎಲ್ಲರೂ ಬಾಯಿ ಬಿಟ್ಟು ನೋಡಿದರು, ಬೆಲೆ ಕೇಳಿ ಬಾಯಿ ಮುಚ್ಚಿಕೊಂಡು ಹೋದರು. ತಯಾರಾದದ್ದು ಬೆರಳೆಣಿಕೆಯಷ್ಟು. ಆಮೇಲೆ ಥಾಮಸ್ ಕಂಪನಿ ಬಿಟ್ಟು ಬ್ರೂಕ್‌ಲ್ಯಾಂಡ್ಸ್‌ಗೆ ಬಂದ. 1907ರಲ್ಲಿ ಶುರುವಾದ, ಮೋಟಾರು ರೇಸಿಗೆಂದೇ ಕಟ್ಟಿದ ಪ್ರಪಂಚದ ಮೊದಲ ಟ್ರ್ಯಾಕ್ ಅದು. ಆತ ಮನೆ ಮಾಡಿಕೊಂಡಿದ್ದೂ ಆ ಟ್ರ್ಯಾಕಿನ ಆವರಣದಲ್ಲೇ, ಒಂದು ಸಣ್ಣ ಬಂಗಲೆಯಲ್ಲಿ. ಒಳ್ಳೆ ಸಂಬಳದ ಕೆಲಸ ಬಿಟ್ಟು ವರ್ಕ್‌ಶಾಪ್ ಪಕ್ಕದಲ್ಲೇ ಬದುಕಿದ ಮನುಷ್ಯ. ಇವತ್ತಿನ ಲೆಕ್ಕದಲ್ಲಿ ಸ್ಟಾರ್ಟಪ್ ಫೌಂಡರ್ ಅನ್ನಬಹುದೇನೋ.

ಥಾಮಸ್ ಹೈಯಮ್ ಸ್ಪೆಷಲ್ಲನ್ನು ಬಿಚ್ಚಿದ. ಕಾರ್ಬ್ಯುರೇಟರ್ ಬದಲಾಯಿಸಿ ನಾಲ್ಕು ಜೆನಿತ್ ಹಾಕಿದ. ಪಿಸ್ಟನ್‌ಗಳನ್ನು ತನ್ನದೇ ವಿನ್ಯಾಸದಲ್ಲಿ ಮಾಡಿಸಿದ. ಗಾಳಿಯನ್ನು ಸೀಳಿಕೊಂಡು ಹೋಗುವ ಹಾಗೆ ಉದ್ದನೆಯ ಹೊಸ ಮೈ ಹೊದಿಸಿದ. ಶಕ್ತಿ ಸುಮಾರು 450 ಅಶ್ವಶಕ್ತಿ. ಹೆಸರೂ ಬದಲಾಯಿತು: ಬ್ಯಾಬ್ಸ್. ಸರಪಳಿಗಳು ಮಾತ್ರ ಹಾಗೇ ಉಳಿದವು.

ಇಲ್ಲೇ ಒಂದು ಕ್ಷಣ ನಿಲ್ಲಿ. ಕಾರು ಹುಟ್ಟಿ ಎರಡು-ಮೂರು ವರ್ಷ ಆಗಿದೆ ಅಷ್ಟೇ. ಆಗಲೇ ಅದಕ್ಕೆ ಎರಡು ಒರಿಜಿನಲ್‌ಗಳಿವೆ. ಝ್ಬೊರೋವ್‌ಸ್ಕಿಯದು ಒಂದು, ಥಾಮಸ್‌ನದು ಇನ್ನೊಂದು. ಎರಡನೆಯದು ಬರಬೇಕಾದರೆ ಮೊದಲನೆಯದು ಹೋಗಲೇಬೇಕಿತ್ತು.

ಆ ಕಾಲದಲ್ಲಿ ನೆಲದ ಮೇಲಿನ ವೇಗದ ದಾಖಲೆ ಅಂದರೆ ಇಡೀ ಬ್ರಿಟನ್ನು ಪತ್ರಿಕೆ ಹಿಡಿದುಕೊಂಡು ಕೂರುತ್ತಿತ್ತು. ನಿಯಮ ಸರಳ: ಅಳತೆ ಮಾಡಿಟ್ಟ ದೂರವನ್ನು ಎರಡೂ ದಿಕ್ಕಿನಲ್ಲಿ ಓಡಿಸಬೇಕು, ಸರಾಸರಿ ತೆಗೀತಾರೆ. ಆದರೆ ಅಷ್ಟು ವೇಗ ಹಿಡಿಯೋಕೆ, ಆಮೇಲೆ ನಿಲ್ಲಿಸೋಕೆ, ಮೈಲಿಗಟ್ಟಲೆ ನೇರ ಜಾಗ ಬೇಕು. ಬ್ರೂಕ್‌ಲ್ಯಾಂಡ್ಸ್‌ನಂಥ ಬಟ್ಟಲಿನ ಆಕಾರದ ಟ್ರ್ಯಾಕಿನಲ್ಲಿ ಅದು ಸಾಧ್ಯವಿಲ್ಲ. ರಸ್ತೆಗಳ ಮಾತು ಬಿಡಿ. ಹಾಗಾಗಿ ಎಲ್ಲರೂ ಸಮುದ್ರತೀರ ಹುಡುಕಿಕೊಂಡು ಹೊರಟರು. ದಕ್ಷಿಣ ವೇಲ್ಸ್‌ನ ಪೆಂಡೈನ್ ಹಳ್ಳಿಯ ಮುಂದೆ ಏಳು ಮೈಲಿ ಉದ್ದದ ಮರಳ ದಂಡೆ ಇದೆ. ಇಳಿತದ ಹೊತ್ತಿನಲ್ಲಿ ನೀರು ಹಿಂದೆ ಸರಿದರೆ ಸಾರಿಸಿದ ಅಂಗಳದಂಥ ಗಟ್ಟಿ ಮರಳು. ಸಮುದ್ರ ಕೊಟ್ಟಷ್ಟು ಹೊತ್ತು ಓಡಿಸಬಹುದು, ಭರತ ಬಂತು ಅಂದ್ರೆ ಆಟ ಮುಗೀತು.

ಮಾಲ್ಕಮ್ ಕ್ಯಾಂಪ್‌ಬೆಲ್ 1925ರ ಜುಲೈನಲ್ಲಿ ಇದೇ ಪೆಂಡೈನ್‌ನಲ್ಲಿ ಗಂಟೆಗೆ 150 ಮೈಲಿ ದಾಟಿದ. 1926ರ ಮಾರ್ಚಿನಲ್ಲಿ ಹೆನ್ರಿ ಸೀಗ್ರೇವ್ ಅದನ್ನು 152ಕ್ಕೆ ಏರಿಸಿದ. ಒಂದೊಂದು ಮೈಲಿಗೂ ಒದ್ದಾಡುತ್ತಿದ್ದ ಹೊತ್ತಿನಲ್ಲಿ ಥಾಮಸ್ ತನ್ನ ಗುಜರಿ ಇಂಜಿನ್ನಿನ ಕಾರು ತಗೊಂಡು ಬಂದ. 1926ರ ಏಪ್ರಿಲ್ 27ರಂದು 169, ಮರುದಿನ 171.02. ಕಿಲೋಮೀಟರಿನಲ್ಲಿ ಹೇಳೋದಾದರೆ ಗಂಟೆಗೆ 275. ಒಂದೇ ಏಟಿಗೆ ಹತ್ತೊಂಬತ್ತು ಮೈಲಿ ಹೆಚ್ಚು. ಇವತ್ತಿಗೂ ನಮ್ಮ ಯಾವ ಎಕ್ಸ್‌ಪ್ರೆಸ್‌ವೇನಲ್ಲೂ ಆ ವೇಗ ಹಿಡಿಯೋ ಧೈರ್ಯ ಮಾಡಬೇಡಿ. ಆತ ಹಿಡಿದದ್ದು ಒದ್ದೆ ಮರಳಿನ ಮೇಲೆ, ಸೀಟ್ ಬೆಲ್ಟ್ ಇಲ್ಲದೆ.

1927ರ ಫೆಬ್ರವರಿ 4ರಂದು ಕ್ಯಾಂಪ್‌ಬೆಲ್ ಅದೇ ದಂಡೆಯಲ್ಲಿ 174 ಮೈಲಿ ದಾಟಿ ದಾಖಲೆ ಕಿತ್ತುಕೊಂಡ. ಒಂದು ತಿಂಗಳೊಳಗೆ ಥಾಮಸ್ ಮತ್ತೆ ಪೆಂಡೈನ್‌ನಲ್ಲಿದ್ದ. ಮಾರ್ಚ್ 3ರಂದು ಪೂರ್ತಿ ವೇಗದ ಓಟವೊಂದರಲ್ಲಿ ಬ್ಯಾಬ್ಸ್ ಹಿಡಿತ ತಪ್ಪಿ ಪಲ್ಟಿ ಹೊಡೆಯಿತು. ತಲೆಗೆ ಏಟು ಬಿದ್ದು ಥಾಮಸ್ ಸತ್ತ. 42 ವರ್ಷ. ನೆಲದ ವೇಗದ ದಾಖಲೆಗಾಗಿ ಓಡಿಸುತ್ತಾ ಪ್ರಾಣ ಬಿಟ್ಟ ಮೊದಲ ಚಾಲಕ ಆತ. ಅದಾಗಿ 26 ದಿನಕ್ಕೆ, ಮಾರ್ಚ್ 29ರಂದು, ಅಮೆರಿಕದ ಡೇಟೋನಾ ತೀರದಲ್ಲಿ ಸೀಗ್ರೇವ್ ಸನ್‌ಬೀಮ್ ಕಾರಿನಲ್ಲಿ 203 ಮೈಲಿ ದಾಟಿದ. ಥಾಮಸ್ ಬದುಕಿದ್ದು ದಾಖಲೆ ಮಾಡಿದ್ದರೂ ಅದು ಆ ತಿಂಗಳ ಕೊನೆಯವರೆಗೆ ಮಾತ್ರ ನಿಲ್ಲುತ್ತಿತ್ತು.

ತನಿಖೆ ಮುಗಿದ ಮೇಲೆ ಕಾರನ್ನು ಏನು ಮಾಡೋದು? ಅದನ್ನು ಗುಜರಿಗೆ ಹಾಕಲಿಲ್ಲ. ದಂಡೆಯ ಮರಳು ದಿಬ್ಬದಲ್ಲಿ ಗುಂಡಿ ತೋಡಿ ಹೂತರು. ಹೂಳುವ ಮುಂಚೆ ಸೀಟುಗಳನ್ನು ಸೀಳಿದರು, ಮೀಟರುಗಳ ಗಾಜು ಒಡೆದರು. ಯಾರೂ ನೆನಪಿನ ಕಾಣಿಕೆ ಅಂತ ಕಿತ್ತುಕೊಂಡು ಹೋಗಬಾರದು, ಯಾರೂ ಮತ್ತೆ ಇದನ್ನು ಓಡಿಸಬಾರದು ಅನ್ನೋ ಹಾಗೆ. ಥಾಮಸ್‌ನ ದೇಹವನ್ನು ಇಂಗ್ಲೆಂಡಿಗೆ ಒಯ್ದು ಬೈಫ್ಲೀಟ್ ಊರಿನ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ಮನುಷ್ಯನಿಗೊಂದು ಸಮಾಧಿ, ಕಾರಿಗೊಂದು.

ಸಾವಿನ ಕಾರಣವೂ ಒಂದು ಕತೆಯಾಗಿ ಹರಡಿತು. ಬಲಗಡೆಯ ಸರಪಳಿ ತುಂಡಾಯಿತು, ಚಾಟಿಯಂತೆ ಬೀಸಿ ಚಾಲಕನ ತಲೆಗೆ ಬಡಿಯಿತು, ಅದರಿಂದಲೇ ಸತ್ತ. ಎಷ್ಟು ಸಲೀಸಾದ ಕತೆ ನೋಡಿ. ಸರಪಳಿ ಹಳೇಕಾಲದ ವಿಧಾನ, ಹಳೇದನ್ನು ನಂಬಿ ಹೋದವನು ಹಳೇದರಿಂದಲೇ ಸತ್ತ ಅಂತ ನೀತಿಪಾಠ ಬೇರೆ. ನಿಜ ಏನಂದ್ರೆ, 26 ದಿನದ ನಂತರ 203 ದಾಟಿದ ಸೀಗ್ರೇವ್‌ನ ಸನ್‌ಬೀಮ್ ಕೂಡ ಸರಪಳಿಯಿಂದಲೇ ಓಡುತ್ತಿತ್ತು. ಅದರ ಸರಪಳಿಗಳಿಗೆ ಗಟ್ಟಿ ಉಕ್ಕಿನ ಕವಚ ಇತ್ತು ಅಷ್ಟೇ. ನಮ್ಮ ಆಫೀಸುಗಳಲ್ಲಿ ಸಿಸ್ಟಮ್ ಬಿದ್ದುಹೋದ ಮೇಲೆ ರೂಟ್ ಕಾಸ್ ಬರೆಯೋರಿಗೆ ಈ ಆತುರ ಚೆನ್ನಾಗಿ ಗೊತ್ತು. ಮೊದಲು ಕಣ್ಣಿಗೆ ಬಿದ್ದ ಮುರಿದ ವಸ್ತುವೇ ಕಾರಣ ಅಂತ ಬರೆದು ಮೀಟಿಂಗ್ ಮುಗಿಸಿಬಿಡೋಣ ಅನ್ನಿಸುತ್ತೆ. ಅದು ಕಾರಣವೋ, ಬೇರೆ ಕಾರಣದ ಫಲವೋ ಅಂತ ನೋಡೋಕೆ ಮುರಿದ ವಸ್ತು ಕೈಯಲ್ಲಿರಬೇಕು. ಇಲ್ಲಿ ಅದು ಮರಳಿನಡಿ ಇತ್ತು.

42 ವರ್ಷ ಹಾಗೇ ಇತ್ತು. ಪೆಂಡೈನ್ ದಂಡೆ ರಕ್ಷಣಾ ಇಲಾಖೆಯ ಕೈಗೆ ಹೋಗಿ ಶಸ್ತ್ರಾಸ್ತ್ರ ಪರೀಕ್ಷೆಯ ಜಾಗವಾಯಿತು. 1969ರಲ್ಲಿ ಓವೆನ್ ವಿನ್ ಓವೆನ್ ಅನ್ನೋರು ಅಗೆಯಲು ಅನುಮತಿ ಪಡೆದರು. ಉತ್ತರ ವೇಲ್ಸ್‌ನ ಬ್ಯಾಂಗರ್ ತಾಂತ್ರಿಕ ಕಾಲೇಜಿನಲ್ಲಿ ಇಂಜಿನಿಯರಿಂಗ್ ಹೇಳಿಕೊಡ್ತಿದ್ದ ಮೇಷ್ಟ್ರು. ಮಿಲಿಟರಿಯವರ ಒಪ್ಪಿಗೆ ಸಿಕ್ಕರೆ ಸಾಲದು, ಸತ್ತವನ ಮನೆಯವರ ಒಪ್ಪಿಗೆಯೂ ಬೇಕಾಯಿತು. ಸಮಾಧಿ ಮಾಡಿದ್ದನ್ನು ಅಗೀಬಾರದು ಅನ್ನೋ ಆಕ್ಷೇಪವೂ ಬಂತು. ಅದನ್ನು ತಳ್ಳಿಹಾಕೋದು ಸುಲಭವಲ್ಲ. ನಮ್ಮಲ್ಲೂ ಅಪಘಾತದಲ್ಲಿ ಮನೆಯವರನ್ನು ಕಳಕೊಂಡ ಗಾಡಿಯನ್ನು ಎಷ್ಟೋ ಜನ ರಿಪೇರಿ ಮಾಡಿಸೋದಿಲ್ಲ, ಮನೆ ಮುಂದೆ ನಿಲ್ಲಿಸಿಕೊಳ್ಳೋದೂ ಇಲ್ಲ. ಸಿಕ್ಕಷ್ಟು ದುಡ್ಡಿಗೆ ಕೊಟ್ಟು ಕೈ ತೊಳಕೊಳ್ಳುತ್ತಾರೆ. ಬ್ಯಾಬ್ಸ್‌ನ ಹೂತವರ ಮನಸ್ಸೂ ಅದೇ.

ಮೇಲೆ ಬಂದದ್ದನ್ನು ಕಾರು ಅನ್ನೋಕೆ ಧೈರ್ಯ ಬೇಕಿತ್ತು. ಆಗ ತೆಗೆದ ಫೋಟೋಗಳಲ್ಲಿ ಕಾಣೋದು ತುಕ್ಕು ತಿಂದ ಅಸ್ಥಿಪಂಜರ. ಉಪ್ಪುನೀರು ಎಲ್ಲ ಲೋಹವನ್ನೂ ಒಂದೇ ಥರ ತಿನ್ನೋದಿಲ್ಲ. ದಪ್ಪ ಉಕ್ಕು ಪದರ ಪದರವಾಗಿ ಏಳುತ್ತದೆ, ಆದರೂ ಒಳಗೆ ಗಟ್ಟಿ ಉಳೀಬಹುದು. ಉಕ್ಕಿಗೆ ತಾಗಿಕೊಂಡಿರೋ ಅಲ್ಯೂಮಿನಿಯಂ ಮಾತ್ರ, ಬ್ಯಾಟರಿಯೊಳಗೆ ಸವೆಯೋ ಫಲಕದಂತೆ, ಉಕ್ಕಿಗಿಂತ ಮುಂಚೆ ಕರಗಿಹೋಗುತ್ತೆ. ಹಾಗಾಗಿ ಹಳೆ ರೇಸಿಂಗ್ ಕಾರುಗಳಲ್ಲಿ ಚಾಸಿ ಉಳಿದು ಮೇಲಿನ ಹೊದಿಕೆ ಮಾಯವಾಗಿರೋದು ಸಾಮಾನ್ಯ. ಬ್ಯಾಬ್ಸ್‌ನ ಚಂದದ ಉದ್ದ ಮೈಯ ಪಾಡೂ ಹಾಗೇ ಆಗಿತ್ತು.

ಓವೆನ್ ಮೇಷ್ಟ್ರು ಒಂದೂವರೆ ದಶಕ ಅದರ ಮೇಲೆ ಕೂತರು. ಕೆಲವು ಕಂಪನಿಗಳು ಬಿಡಿಭಾಗ ಕೊಟ್ಟು ನೆರವಾದವು. ಇಂಥ ಕೆಲಸದ ಕ್ರಮ ಕೇಳಿದರೆ ಅದು ಗ್ಯಾರೇಜಿನ ಕೆಲಸಕ್ಕಿಂತ ಹೆಚ್ಚಾಗಿ ಪುರಾತತ್ತ್ವ ಇಲಾಖೆಯ ಕೆಲಸ ಅನ್ನಿಸುತ್ತೆ. ಯಾವುದನ್ನೂ ಬಿಚ್ಚುವ ಮುಂಚೆ ಫೋಟೋ. ಬಿಚ್ಚಿದ ಪ್ರತಿ ಬೋಲ್ಟಿಗೂ ಚೀಟಿ. ಲೋಹದೊಳಗೆ ಇಳಿದ ಉಪ್ಪನ್ನು ತೊಳೆದು ತೆಗೆಯಬೇಕು, ಇಲ್ಲಾಂದ್ರೆ ಪೇಂಟಿನ ಕೆಳಗೂ ತುಕ್ಕು ಮುಂದುವರಿಯುತ್ತೆ. ಆಮೇಲೆ ಪ್ರತಿ ಭಾಗಕ್ಕೂ ಒಂದೇ ಪ್ರಶ್ನೆ: ಇದನ್ನೇ ಬಳಸಬಹುದಾ, ರಿಪೇರಿ ಮಾಡಬಹುದಾ, ಹೊಸದೇ ಬೇಕಾ? ಹೊಸದು ಬೇಕಾದರೆ ಅಂಗಡಿಯಲ್ಲಿ ಸಿಗೋದಿಲ್ಲ. ಹಳೆ ತುಂಡಿನ ಅಳತೆ ತೆಗೆದು, ಮರದಲ್ಲಿ ಮಾದರಿ ಮಾಡಿ, ಎರಕ ಹೊಯ್ಯಬೇಕು. ಹಳೆ ಫೋಟೋದಲ್ಲಿ ಗೊತ್ತಿರೋ ಅಳತೆಯ ಚಕ್ರವೊಂದನ್ನು ಹಿಡಿದು, ಅದರಿಂದ ಮೂತಿಯ ಉದ್ದ ಎಷ್ಟಿತ್ತು ಅಂತ ಲೆಕ್ಕ ಹಾಕಬೇಕು. ವರ್ಷಗಳು ಹೋಗೋದು ಇಂಥ ಲೆಕ್ಕಗಳಲ್ಲೇ.

ಕೊನೆಗೆ ಬ್ಯಾಬ್ಸ್ ಎದ್ದು ನಿಂತಿತು. ಲಿಬರ್ಟಿ ಇಂಜಿನ್ ಗುಡುಗಿತು. ಪ್ರದರ್ಶನಗಳಲ್ಲಿ ಓಡಿತು. ಈಗ ಅದು ಪೆಂಡೈನ್‌ನ ಮ್ಯೂಸಿಯಂನಲ್ಲೂ ಬ್ರೂಕ್‌ಲ್ಯಾಂಡ್ಸ್ ಮ್ಯೂಸಿಯಂನಲ್ಲೂ ಜನ ನೋಡೋ ಕಾರು.

ಸರಿ, ಇದು ಯಾವ ದಿನದ ಬ್ಯಾಬ್ಸ್? 1924ರ ಹೈಯಮ್ ಸ್ಪೆಷಲ್ ಆಗಿ ಮಾಡಿದ್ದರೆ ಝ್ಬೊರೋವ್‌ಸ್ಕಿಯ ದಿನ ಸಿಗುತ್ತಿತ್ತು, ಥಾಮಸ್‌ನ ಕೆಲಸ ಅಳಿಸಿಹೋಗುತ್ತಿತ್ತು. 1969ರಲ್ಲಿ ಸಿಕ್ಕ ಹಾಗೇ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಅಪಘಾತದ ದಿನ ಉಳಿಯುತ್ತಿತ್ತು. ಓವೆನ್ ಆರಿಸಿದ್ದು ಥಾಮಸ್ ಓಡಿಸಿದ ಕಾರನ್ನು, ದಾಖಲೆ ಮಾಡಿದ ಕಾರನ್ನು. ಅದು ಒಂದು ಆಯ್ಕೆ. ಒಳ್ಳೆ ಆಯ್ಕೆಯೇ, ಆದರೆ ಆಯ್ಕೆ ಅನ್ನೋದನ್ನ ಮರೀಬಾರದು. ಒಂದು ದಿನವನ್ನು ವಾಪಸ್ ತರೋಕೆ ಉಳಿದ ದಿನಗಳನ್ನು ಬಿಟ್ಟುಕೊಡಬೇಕಾಗುತ್ತೆ.

ಬೇರೆಯವರು ಬೇರೆ ಥರ ಆರಿಸಿದ್ದಾರೆ. ಪೋರ್ಷೆ ಕಂಪನಿಯ 917 ಅನ್ನೋ ರೇಸಿಂಗ್ ಕಾರಿನ ಮೊಟ್ಟಮೊದಲ ಗಾಡಿ, 917-001, 1969ರ ಮಾರ್ಚಿನಲ್ಲಿ ಜಿನೀವಾ ಪ್ರದರ್ಶನಕ್ಕೆ ಬಂದಾಗ ಬಿಳಿ ಮೈ, ಹಸಿರು ಮೂತಿ. ಮುಂದಿನ ವರ್ಷ ಅದೇ ಮಾದರಿಯ ಇನ್ನೊಂದು ಕಾರು ಲ ಮಾನ್ಸ್‌ನಲ್ಲಿ 24 ಗಂಟೆಯ ರೇಸ್ ಗೆದ್ದು ಪೋರ್ಷೆಗೆ ಅಲ್ಲಿನ ಮೊದಲ ಪೂರ್ಣ ಜಯ ತಂದಿತು. ಆಮೇಲೆ 001ಕ್ಕೆ ಹಿಂಭಾಗ ಬದಲಾಯಿಸಿ, ಗೆದ್ದ ಕಾರಿನ ಕೆಂಪು-ಬಿಳಿ ಬಣ್ಣ ಬಳಿದು ಮ್ಯೂಸಿಯಂನಲ್ಲಿ ನಿಲ್ಲಿಸಿದರು. ಅಣ್ಣನಿಗೆ ತಮ್ಮನ ಮೆಡಲ್ ಹಾಕಿ ಫೋಟೋಗೆ ನಿಲ್ಲಿಸಿದ ಹಾಗೆ. 2019ರಲ್ಲಿ ಐವತ್ತು ವರ್ಷ ತುಂಬುವ ಹೊತ್ತಿಗೆ ಕಂಪನಿಯವರೇ ಅದನ್ನು ಬಿಚ್ಚಿ, ಜಿನೀವಾದ ದಿನಕ್ಕೆ ವಾಪಸ್ ಒಯ್ದರು. ಇಲ್ಲಿ ರಿಸ್ಟೋರೇಷನ್ ಅಂದರೆ ಒಂದು ವೇಷ ಕಳಚೋದು.

ಇನ್ನೊಂದು ಕಡೆ, ಇಟಲಿ ಮತ್ತು ಸ್ವಿಟ್ಜರ್ಲೆಂಡ್ ಗಡಿಯ ಮಜ್ಜೋರೆ ಸರೋವರದ ತಳದಲ್ಲಿ ದಶಕಗಳ ಕಾಲ ಬಿದ್ದಿದ್ದ ಬುಗಾಟಿ ಬ್ರೆಶಿಯಾ. 2009ರಲ್ಲಿ ಮುಳುಗುಗಾರರು ಅದನ್ನು ಮೇಲೆತ್ತಿದರು. ಒಂದು ಪಕ್ಕ ಕರಗಿಹೋಗಿತ್ತು. 2010ರಲ್ಲಿ ಪ್ಯಾರಿಸ್ ಹರಾಜಿನಲ್ಲಿ ಎರಡೂವರೆ ಲಕ್ಷ ಯೂರೋ ಮೀರಿ ಹೋಯಿತು. ಕೊಂಡ ಅಮೆರಿಕದ ಸಂಗ್ರಾಹಕ ಪೀಟರ್ ಮಲಿನ್ ಒಂದು ಬೋಲ್ಟನ್ನೂ ಪಾಲಿಶ್ ಮಾಡಿಸಲಿಲ್ಲ. ನೀರಿನಿಂದ ಬಂದ ಹಾಗೇ, ಶಿಲ್ಪದಂತೆ ಇಟ್ಟ. ಬ್ಯಾಬ್ಸ್‌ಗೂ ಇದಕ್ಕೂ ಹೆಚ್ಚುಕಮ್ಮಿ ಒಂದೇ ಹಣೆಬರಹ, ತೀರ್ಮಾನ ಮಾತ್ರ ತದ್ವಿರುದ್ಧ.

ಈ ಜಗಳ ಕೋರ್ಟಿಗೂ ಹೋಗಿದೆ. ಲ ಮಾನ್ಸ್‌ನಲ್ಲಿ 1929 ಮತ್ತು 1930ರಲ್ಲಿ ಸತತ ಎರಡು ಬಾರಿ ಗೆದ್ದ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರಿಗೆ 'ಓಲ್ಡ್ ನಂಬರ್ ಒನ್' ಅಂತ ಹೆಸರು. 1932ರಲ್ಲಿ ಅದಕ್ಕೆ ಎಂಟು ಲೀಟರ್ ಇಂಜಿನ್ ಹಾಕಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಓಡಿಸುವಾಗ ಕಾರು ಇಳಿಜಾರು ಅಂಚು ದಾಟಿ ಹಾರಿ, ಚಾಲಕ ಕ್ಲೈವ್ ಡನ್ಫೀ ಸತ್ತ. ಮತ್ತೆ ಕಟ್ಟಿದರು. 1990ರಲ್ಲಿ ಅದರ ಮಾಲೀಕ ಒಂದು ಕೋಟಿ ಪೌಂಡಿಗೆ ಮಾರುವ ಒಪ್ಪಂದ ಮಾಡಿಕೊಂಡ. ಕೊಳ್ಳೋಕೆ ಬಂದ ಕಂಪನಿ ಆಮೇಲೆ, 'ಇದರಲ್ಲಿ 1929ರ ಕಾರಿನದು ಏನೂ ಉಳಿದಿಲ್ಲ, ಇದು ಆ ಕಾರೇ ಅಲ್ಲ' ಅಂತ ಹಿಂದೆ ಸರಿಯಿತು. ಭಾಗಗಳ ಲೆಕ್ಕದಲ್ಲಿ ಅವರ ಮಾತು ಹೆಚ್ಚುಕಡಿಮೆ ಸರಿಯೇ ಇತ್ತು. 1929ರದು ಅಂತ ಖಚಿತವಾಗಿ ತೋರಿಸಬಹುದಾದದ್ದು ಬಹುತೇಕ ಏನೂ ಇರಲಿಲ್ಲ. ಗೇರ್‌ಬಾಕ್ಸಿನ ಹೊರಕವಚ, ಸ್ಟಿಯರಿಂಗ್ ಕಾಲಮ್, ಪೆಡಲ್ ಶಾಫ್ಟ್, ಹೀಗೆ ಕೆಲವು ಭಾಗಗಳು 1930ರವು.

ನ್ಯಾಯಮೂರ್ತಿ ಆಟನ್ ತೀರ್ಪು ಮಾರುವವನ ಪರವಾಗಿ ಕೊಟ್ಟರು. ಅವರ ತರ್ಕದ ಸಾರ ಇಷ್ಟು: ಈ ಕಾರು ಒಂದೇ ದಿನ ಬದಲಾಗಲಿಲ್ಲ. ಭಾಗಗಳು ಒಂದೊಂದಾಗಿ, ರೇಸಿನಿಂದ ರೇಸಿಗೆ ಬದಲಾದವು. ಪ್ರತಿ ಹೊಸ ಭಾಗವೂ ಹಳೆ ಕಾರಿನೊಳಗೆ ಸೇರಿಕೊಂಡಿತು. ಆ ಹೆಸರಿಗೆ ಹಕ್ಕು ಹೇಳಬಲ್ಲ ಬೇರೆ ಬೆಂಟ್ಲಿ ಎಲ್ಲೂ ಇಲ್ಲ. ಮಾರಾಟಕ್ಕಿದ್ದದ್ದು ಲೋಹದ ಜೊತೆಗೆ ಅದರ ಚರಿತ್ರೆ ಕೂಡ. ನನಗೆ ಈ ತೀರ್ಪು ಇಷ್ಟ. ಕೂಡುಕುಟುಂಬದ ಮನೆಯ ಹಾಗೆ. ಹುಟ್ಟಿದವರು, ಹೋದವರು, ಸೊಸೆಯಾಗಿ ಬಂದವರು, ನೂರು ವರ್ಷದಲ್ಲಿ ಒಬ್ಬರೂ ಮೊದಲಿನವರಲ್ಲ. ಆದರೂ ಊರವರಿಗೆ ಅದು ಅದೇ ಮನೆ.

ಆದರೆ ಈ ತರ್ಕ ಬ್ಯಾಬ್ಸ್‌ಗೆ ಪೂರ್ತಿ ಹೊಂದೋದಿಲ್ಲ. ಓಲ್ಡ್ ನಂಬರ್ ಒನ್‌ನ ಬದುಕು ಕಡಿಯಲಿಲ್ಲ. ಬ್ಯಾಬ್ಸ್‌ನ ಬದುಕು 1927ರಲ್ಲಿ ನಿಂತುಹೋಗಿತ್ತು. ನಡುವೆ 42 ವರ್ಷದ ಮೌನ. ಅದರ ಮೇಲೆ ಹಾಕಿದ ಹೊಸ ಭಾಗಗಳನ್ನು ಯಾವ ರೇಸೂ ಬೇಡಲಿಲ್ಲ, ನಮ್ಮ ನೋಡುವ ಆಸೆ ಬೇಡಿತು. ಹಾಗಾದರೆ ಅಗೆದದ್ದು ತಪ್ಪಾ?

ತಪ್ಪಲ್ಲ ಅಂತ ನಾನು ಹೇಳೋದಕ್ಕೆ ಕಾರಣ ಆ ಸರಪಳಿ. ಕಾರು ಮೇಲೆ ಬಂದ ಮೇಲೆ ಅದರ ಭಾಗಗಳನ್ನು ಕಣ್ಣಾರೆ ನೋಡಿ, ಮುಟ್ಟಿ ಪರೀಕ್ಷಿಸೋಕೆ ಸಾಧ್ಯವಾಯಿತು. ಮೊದಲು ಕೈಕೊಟ್ಟದ್ದು ಬಲಗಡೆಯ ಹಿಂದಿನ ಚಕ್ರ, ಸರಪಳಿಗೆ ಆದದ್ದು ಅದರ ಪರಿಣಾಮ ಅನ್ನೋ ವಾದಕ್ಕೆ ಬಲ ಬಂತು. ಹಳೆ ಕತೆ ಅಲುಗಾಡಿತು. ಸತ್ತವನಿಗೆ ಅದರಿಂದ ಏನೂ ಸಿಗೋದಿಲ್ಲ, ನಿಜ. ಆದರೆ ಥಾಮಸ್ ಒಬ್ಬ ಇಂಜಿನಿಯರ್. ತನ್ನ ಕೈಯಾರೆ ಕಟ್ಟಿದ್ದರಲ್ಲಿ ಯಾವುದು ಸೋತಿತು ಅನ್ನೋದನ್ನ ಸರಿಯಾಗಿ ತಿಳಿಯೋದು ಇಂಜಿನಿಯರಿಗೆ ಸಲ್ಲಬೇಕಾದ ಗೌರವ. ನಾಲ್ಕು ದಶಕ ಆತನ ಹೆಸರಿನ ಜೊತೆ ಒಂದು ಭಯಾನಕ ಕತೆ ಅಂಟಿಕೊಂಡಿತ್ತು. ಅದನ್ನು ಪ್ರಶ್ನಿಸೋಕೆ ಗುಂಡಿ ತೋಡಲೇಬೇಕಿತ್ತು.

ಇದರಲ್ಲೇ ರಿಸ್ಟೋರೇಷನ್ನಿನ ಅಪಾಯವೂ ಇದೆ. ಮುರಿದ ಚಕ್ರ ಸಾಕ್ಷಿ. ಅದನ್ನು ರಿಪೇರಿ ಮಾಡಿದ ದಿನ ಸಾಕ್ಷಿ ಹೋಯಿತು. ನಮ್ಮೂರುಗಳಲ್ಲಿ ಜೀರ್ಣೋದ್ಧಾರ ಅಂತ ಶುರುವಾದ ಕೆಲಸ ಎಷ್ಟೋ ಸಲ ಹೀಗೇ ಮುಗಿಯುತ್ತೆ. ಭಕ್ತಿಯಿಂದಲೇ ಮಾಡ್ತಾರೆ. ಹಳೆ ಕಲ್ಲಿಗೆ ಎನಾಮಲ್ ಪೇಂಟು, ನೆಲಕ್ಕೆ ಗ್ರಾನೈಟು. ಕಂಬದ ಮೇಲಿದ್ದ ನಾಲ್ಕು ಸಾಲಿನ ಶಾಸನ ಸುಣ್ಣದ ಕೆಳಗೆ ಹೋಗುತ್ತೆ. ಗುಡಿ ಹೊಳೆಯುತ್ತೆ, ಗುಡಿ ಕಟ್ಟಿಸಿದವನ ಹೆಸರು ಕಳೆದುಹೋಗುತ್ತೆ. ಶಾಸನ ಓದುವವರು ಮೊದಲು ಮಾಡೋ ಕೆಲಸ ಕಾಗದ ಒತ್ತಿ ಪಡಿಯಚ್ಚು ತೆಗೆಯೋದು. ಕಲ್ಲು ಮುಂದೆ ಏನೇ ಆಗಲಿ, ಅಕ್ಷರ ಉಳೀಲಿ ಅಂತ. ಕಾರಿಗೂ ಅದೇ ನ್ಯಾಯ. ಬಿಚ್ಚುವ ಮುಂಚಿನ ಫೋಟೋ, ತೆಗೆದ ಭಾಗಗಳ ಪೆಟ್ಟಿಗೆ, ಯಾವುದು ಹಳೇದು ಯಾವುದು ಹೊಸದು ಅನ್ನೋ ಪಟ್ಟಿ, ಇವು ಇದ್ದರೆ ರಿಸ್ಟೋರೇಷನ್ ಚರಿತ್ರೆ. ಇಲ್ಲದಿದ್ದರೆ ಅದೊಂದು ಒಳ್ಳೆ ಪೇಂಟ್ ಜಾಬ್. ತಾತನ ಲ್ಯಾಂಬ್ರೆಟ್ಟಾ ಸರಿಮಾಡಿಸಲು ಹೊರಟ ಗೆಳೆಯರಿಗೆ ನಾನು ಹೇಳೋದೂ ಇಷ್ಟೇ. ಪೇಂಟರ್ ಕೈಗೆ ಕೊಡೋ ಮುಂಚೆ ಒಂದು ಸಂಜೆ ಕೂತು ಎಲ್ಲಾ ಕಡೆಯಿಂದ ಫೋಟೋ ತೆಗೀರಿ. ಫುಟ್‌ಬೋರ್ಡಿನ ಮೇಲೆ ತಾತನ ಚಪ್ಪಲಿ ಸವೆಸಿದ ಗುರುತಿದ್ದರೆ ಅದೊಂದನ್ನ ಹಾಗೇ ಬಿಡಿಸಿ. ಹೊಸ ಫುಟ್‌ಬೋರ್ಡು ದುಡ್ಡು ಕೊಟ್ಟರೆ ಸಿಗುತ್ತೆ.

ಇನ್ನೇನು 2027ರ ಮಾರ್ಚಿಗೆ ಪೆಂಡೈನ್ ಅಪಘಾತಕ್ಕೂ ಡೇಟೋನಾ ದಾಖಲೆಗೂ ನೂರು ವರ್ಷ. ಸೀಗ್ರೇವ್‌ನ ಸನ್‌ಬೀಮ್ ಇರೋದು ಇಂಗ್ಲೆಂಡಿನ ಬ್ಯೂಲಿಯ ನ್ಯಾಷನಲ್ ಮೋಟಾರ್ ಮ್ಯೂಸಿಯಂನಲ್ಲಿ. ಅದರ ಇಂಜಿನ್‌ಗಳಿಗೆ ಮತ್ತೆ ಜೀವ ಕೊಟ್ಟು, ಶತಮಾನದ ಹೊತ್ತಿಗೆ ಡೇಟೋನಾಕ್ಕೆ ಒಯ್ಯಬೇಕು ಅನ್ನೋ ಗುರಿಯಿಂದ ಅಲ್ಲಿನವರು 2023ರಲ್ಲಿ ಚಂದಾ ಎತ್ತಲು ಶುರುಮಾಡಿದರು. ಗೆದ್ದ ಕಾರಿಗೆ ಅಂಥ ಹಬ್ಬ ಸಹಜ. ಸೋತ ಕಾರಿನ ಲೆಕ್ಕ ಬೇರೆ. ಬ್ರೂಕ್‌ಲ್ಯಾಂಡ್ಸ್‌ನಿಂದ ಬೈಫ್ಲೀಟ್ ಪಕ್ಕದ ಊರು. ಬ್ಯಾಬ್ಸ್ ಬ್ರೂಕ್‌ಲ್ಯಾಂಡ್ಸ್ ಮ್ಯೂಸಿಯಂನಲ್ಲಿ ಇದ್ದಷ್ಟು ದಿನ, ಅದರ ಇಂಜಿನಿಯರ್ ಮಲಗಿರೋ ಚರ್ಚಿನ ಅಂಗಳ ಅಲ್ಲಿಂದ ನಡೆದುಹೋಗುವಷ್ಟೇ ದೂರ. 1927ರಲ್ಲಿ ಎರಡು ಕಡೆ ಹೂತವರು ಇದನ್ನು ಅಂದುಕೊಂಡಿರಲಾರರು.